ಎಕ್ಸಿಕ್ಯೂಟರ್ ತೀರಿಕೊಂಡರು, ಉಯಿಲಿನ ಕೆಲಸ ನಡುದಾರಿಯಲ್ಲಿ ನಿಂತಿತು

ಓದುಗರ ಕಾನೂನು ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಮುಂಬಯಿ, ಪುಣೆಗಳಿಂದ ಬಂದ ಐದು ಪ್ರಶ್ನೆಗಳು ಒಂದೇ ಗಂಟಿನವು. ಉಯಿಲು ಬರೆದವರು ಹೋದರು; ಅದನ್ನು ಜಾರಿಗೆ ತರಬೇಕಿದ್ದ ಎಕ್ಸಿಕ್ಯೂಟರೂ ಹೋದರು; ಆಸ್ತಿ ಮಾತ್ರ ಇದ್ದಲ್ಲೇ ಇದೆ. ಎಲ್ಲದಕ್ಕೂ ಆಧಾರ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಕೆಳಗೆ ಬರೀ ಕಲಮಿನ ಸಂಖ್ಯೆ ಬಂದಲ್ಲೆಲ್ಲ ಅದೇ ಕಾಯಿದೆ ಎಂದು ತಿಳಿಯಿರಿ.

ಪ್ರಶ್ನೆ: ತಂದೆ 2016ರಲ್ಲಿ ತೀರಿಕೊಂಡರು. ಉಯಿಲಿನಲ್ಲಿ ಚಿಕ್ಕಪ್ಪನೊಬ್ಬರನ್ನೇ ಎಕ್ಸಿಕ್ಯೂಟರ್ ಮಾಡಿದ್ದರು. 2018ರಲ್ಲಿ ಬಾಂಬೆ ಹೈಕೋರ್ಟಿನಿಂದ ಪ್ರೊಬೇಟ್, ಅಂದರೆ ಉಯಿಲು ಸಾಬೀತಾಯಿತೆಂಬ ಪತ್ರ, ಬಂತು. ನಾನಿರುವ ಮಾಟುಂಗಾದ ಮನೆಯನ್ನು ಉಯಿಲಿನಂತೆ ಚಿಕ್ಕಪ್ಪ ನನಗೆ ಬಿಟ್ಟುಕೊಟ್ಟರು. ಮುಲುಂಡಿನ ಫ್ಲ್ಯಾಟು, ಕಾಗದದ ರೂಪದಲ್ಲಿರುವ ಕೆಲವು ಷೇರುಗಳು, ಒಂದು ಫಿಕ್ಸೆಡ್ ಡಿಪಾಜಿಟ್ ಹಾಗೇ ಉಳಿದಿವೆ. ಉಳಿದದ್ದೆಲ್ಲ ಹೆಂಡತಿಗೆ ಎಂದು ಉಯಿಲಿನ ಕೊನೆಯಲ್ಲಿದೆ. ಚಿಕ್ಕಪ್ಪ ಕಳೆದ ವರ್ಷ ಹೋದರು. ಅವರ ಉಯಿಲಿಗೆ ಅವರ ಮಗನೇ ಎಕ್ಸಿಕ್ಯೂಟರ್. ಆದ್ದರಿಂದ ದೊಡ್ಡಪ್ಪನ (ನನ್ನ ತಂದೆಯ) ಆಸ್ತಿಯ ಅಧಿಕಾರವೂ ತನಗೇ ಬಂತು ಎನ್ನುತ್ತಾನೆ. ಚಿಕ್ಕಪ್ಪ ಬರೆದುಕೊಟ್ಟ ಪವರ್ ಆಫ್ ಅಟಾರ್ನಿ ತೋರಿಸಿ ಮುಲುಂಡಿನ ಬಾಡಿಗೆ ವಸೂಲಿ ಮಾಡುತ್ತಿದ್ದಾನೆ. ಪ್ರೊಬೇಟಿನ ಅವಧಿ ಮುಗಿದಿದೆ ಎಂದು ಸೊಸೈಟಿಯವರ ಮಾತು. ಏನು ಮಾಡಬೇಕು? (ಮಾಟುಂಗಾ)

ಉತ್ತರ: ಪ್ರೊಬೇಟಿಗೆ ಅವಧಿ ಎಂಬುದಿಲ್ಲ. ಈ ಉಯಿಲು ನಿಮ್ಮ ತಂದೆಯದೇ, ಸರಿಯಾಗಿ ಬರೆದದ್ದೇ ಎಂದು 2018ರಲ್ಲಿ ಕೋರ್ಟು ಹೇಳಿದ ಮಾತು ಇಂದಿಗೂ ಗಟ್ಟಿ. ಮುಗಿದುಹೋದದ್ದು ಅದನ್ನು ಹಿಡಿದು ಕೆಲಸ ಮಾಡುವ ಚಿಕ್ಕಪ್ಪನ ಅಧಿಕಾರ. ಎಕ್ಸಿಕ್ಯೂಟರನ ಹುದ್ದೆ ನಂಬಿಕೆಯಿಂದ ಒಬ್ಬ ವ್ಯಕ್ತಿಗೆ ಕೊಟ್ಟದ್ದು, ಅದು ಅವನ ಜೊತೆಗೇ ಹೋಗುತ್ತದೆ. 211ನೆಯ ಕಲಮಿನಂತೆ ಆಸ್ತಿ ಅವರ ಕೈಗೆ ಬಂದದ್ದು ಎಕ್ಸಿಕ್ಯೂಟರ್ ಎಂಬ ನೆಲೆಯಲ್ಲಿ ಮಾತ್ರ. ಅದು ಅವರ ಸ್ವಂತ ಆಸ್ತಿಯಲ್ಲ, ಹಾಗಾಗಿ ಅವರ ಮಕ್ಕಳಿಗೆ ವಾರಸಾಗಿ ಬರುವ ಪ್ರಶ್ನೆಯೇ ಇಲ್ಲ.

ಎಕ್ಸಿಕ್ಯೂಟರನ ಎಕ್ಸಿಕ್ಯೂಟರ್ ಮೊದಲಿನವನ ಜಾಗಕ್ಕೆ ಬರುವ ಸರಪಳಿ ಇಂಗ್ಲೆಂಡಿನ ಕಾನೂನಿನಲ್ಲಿದೆ. ಇಂಗ್ಲಿಷ್ ಪುಸ್ತಕ ಓದಿದವರು ಅದನ್ನೇ ಇಲ್ಲಿಗೂ ತಂದು ಹೇಳುತ್ತಾರೆ. ನಮ್ಮ ಕಾಯಿದೆ ಬೇರೆ ದಾರಿ ಇಟ್ಟಿದೆ. ಪವರ್ ಆಫ್ ಅಟಾರ್ನಿಯಂತೂ ಕೊಟ್ಟವರು ಸತ್ತ ದಿನವೇ ಸತ್ತಿತು. ಚಿಕ್ಕಪ್ಪನ ಮಗ ಈಗ ವಸೂಲಿ ಮಾಡುತ್ತಿರುವ ಬಾಡಿಗೆಗೆ 303 ಮತ್ತು 304ನೆಯ ಕಲಮುಗಳಂತೆ ಸ್ವಂತ ಹೊಣೆ ಹೊರಬೇಕಾಗುತ್ತದೆ: ಹಕ್ಕಿಲ್ಲದೆ ಎಸ್ಟೇಟಿನಲ್ಲಿ, ಅಂದರೆ ಸತ್ತವರು ಬಿಟ್ಟುಹೋದ ಆಸ್ತಿಯಲ್ಲಿ, ಕೈಹಾಕಿದವನು ಕೈಗೆ ಬಂದಷ್ಟಕ್ಕೆ ಲೆಕ್ಕ ಒಪ್ಪಿಸಬೇಕು. ವಸ್ತು ಹಾಳಾಗದಂತೆ ಕಾಯುವುದು, ಅಂತ್ಯಕ್ರಿಯೆ ನಡೆಸುವುದು, ಮನೆಯವರ ತುರ್ತು ಅಗತ್ಯ ನೋಡುವುದು ಇದಕ್ಕೆ ಹೊರತು. ಬಾಡಿಗೆ ಎತ್ತಿ ತನ್ನ ಖಾತೆಗೆ ಹಾಕಿಕೊಳ್ಳುವುದು ಹೊರತಲ್ಲ. ಇಷ್ಟನ್ನು ಒಂದು ವಕೀಲರ ನೋಟಿಸಿನಲ್ಲಿ ಬರೆದು ಅವನಿಗೂ ಬಾಡಿಗೆದಾರನಿಗೂ ಈಗಲೇ ಕಳಿಸಿ. ಎಷ್ಟೋ ಜಗಳ ಅಲ್ಲೇ ನಿಲ್ಲುತ್ತದೆ.

ಈಗ ದಾರಿ. ಪ್ರೊಬೇಟ್ ಪಡೆದ ಎಕ್ಸಿಕ್ಯೂಟರ್ ಎಸ್ಟೇಟಿನ ಒಂದು ಭಾಗವನ್ನು ನಿರ್ವಹಿಸದೆ ತೀರಿಕೊಂಡರೆ, ಆ ಭಾಗಕ್ಕೆ ಹೊಸ ಪ್ರತಿನಿಧಿಯನ್ನು ನೇಮಿಸಬಹುದು ಎನ್ನುತ್ತದೆ 258ನೆಯ ಕಲಮು. ಕೋರ್ಟಿನಲ್ಲಿ ಇದಕ್ಕೆ ‘ಡಿ ಬೋನಿಸ್ ನಾನ್’ ಗ್ರಾಂಟ್ ಎನ್ನುತ್ತಾರೆ. ಸಿಗುವುದು ಪ್ರೊಬೇಟ್ ಅಲ್ಲ, ಉಯಿಲನ್ನು ಲಗತ್ತಿಸಿದ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್, ಅಂದರೆ ಆಡಳಿತ ಪತ್ರ. ಪ್ರೊಬೇಟ್ ಸಿಗುವುದು ಉಯಿಲಿನಲ್ಲಿ ಹೆಸರಿಸಿದ ಎಕ್ಸಿಕ್ಯೂಟರಿಗೆ ಮಾತ್ರ. ಯಾರು ಕೇಳಬಹುದು ಎಂಬುದನ್ನು 259ನೆಯ ಕಲಮು ಕಟ್ಟಿಹಾಕಿದೆ: ಮೊದಲ ಸಲ ಯಾರಿಗೆ ಕೊಡಬಹುದಿತ್ತೋ ಅಂಥವರಿಗೆ ಮಾತ್ರ. ನಿಮ್ಮ ಮಟ್ಟಿಗೆ ಉತ್ತರ ಸುಲಭ. 232ನೆಯ ಕಲಮು, ಎಕ್ಸಿಕ್ಯೂಟರ್ ಪ್ರೊಬೇಟ್ ಪಡೆದ ಮೇಲೆ ಕೆಲಸ ಮುಗಿಸುವ ಮೊದಲೇ ತೀರಿಕೊಂಡಾಗ, ಉಳಿಕೆ ಆಸ್ತಿ ಯಾರಿಗೆ ಬರೆದಿದೆಯೋ ಅವರಿಗೆ ಅಧಿಕಾರ ಕೊಡುತ್ತದೆ. ಅದು ನಿಮ್ಮ ತಾಯಿ. ಅರ್ಜಿ ಅವರ ಹೆಸರಿನಲ್ಲೇ ಹೋಗಲಿ. ತಾಯಿಗೆ ವಯಸ್ಸಾಗಿರಬಹುದು, ಆಸ್ತಿ ಪೂರ್ತಿ ಹಂಚಿಕೆಯಾಗುವ ಮೊದಲೇ ಅವರಿಗೇನಾದರೂ ಆದರೆ 233ನೆಯ ಕಲಮಿನಂತೆ ಅವರ ಪ್ರತಿನಿಧಿಗೆ ಅದೇ ಹಕ್ಕು ಬರುತ್ತದೆ. ಆದರೆ ಆಗ ಅದೇ ಉಯಿಲಿಗೆ ಇನ್ನೊಂದು ಸಾವಿನ ಕಾಗದವನ್ನೂ ಜೋಡಿಸಬೇಕು, ಕೆಲಸ ಇಮ್ಮಡಿಯಾಗುತ್ತದೆ. ತಡಮಾಡಬೇಡಿ.

ಅರ್ಜಿಗಿಂತ ಮೊದಲು ಮಾಡಬೇಕಾದ ಒಂದು ಕೆಲಸವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಯಾವುದು ಮುಗಿದಿದೆ, ಯಾವುದು ಉಳಿದಿದೆ ಎಂದು ಗೆರೆ ಎಳೆಯಬೇಕು. ಉಯಿಲಿನಿಂದ ಬಂದ ಆಸ್ತಿ ಪೂರ್ತಿ ನಿಮ್ಮದಾಗಲು ಎಕ್ಸಿಕ್ಯೂಟರನ ಒಪ್ಪಿಗೆ ಬೇಕು, ಇದು 332ನೆಯ ಕಲಮು. ಆ ಒಪ್ಪಿಗೆಗೆ ದೊಡ್ಡ ದಸ್ತಾವೇಜು ಬೇಕೆಂದೇನಿಲ್ಲ. ಬಾಯಿಮಾತಿನಲ್ಲಿದ್ದರೂ ಸಾಕು, ನಡವಳಿಕೆಯಿಂದ ಕಂಡರೂ ಸಾಕು. ಒಮ್ಮೆ ಕೊಟ್ಟರೆ ಅದು ನಿಮ್ಮ ತಂದೆ ತೀರಿಕೊಂಡ ದಿನದಿಂದಲೇ ಜಾರಿ. ಮಾಟುಂಗಾದ ಮನೆಯನ್ನು ಚಿಕ್ಕಪ್ಪ ನಿಮಗೆ ಬಿಟ್ಟುಕೊಟ್ಟಿದ್ದಾರೆ; ಅವರು ಸೊಸೈಟಿಗೆ ಬರೆದ ಪತ್ರವೋ, ನಿಮ್ಮ ಹೆಸರಿಗೆ ಬದಲಾದ ವಿದ್ಯುತ್ ಬಿಲ್ಲೋ ಇದ್ದರೆ ಆ ಮನೆ ನಿರ್ವಹಣೆ ಮುಗಿದ ಆಸ್ತಿ. ಅದನ್ನು ಹೊಸ ಅರ್ಜಿಯ ಉಳಿದ ಆಸ್ತಿಯ ಪಟ್ಟಿಯಲ್ಲಿ ಸೇರಿಸಬೇಡಿ. ಸೇರಿಸಿದರೆ ನಿಮ್ಮದಾಗಿರುವ ಮನೆ ಇನ್ನೂ ನಿಮ್ಮದಾಗಿಲ್ಲ ಎಂದು ನೀವೇ ಬರೆದುಕೊಟ್ಟಂತೆ.

ಹಾಗೆಯೇ ಮುಲುಂಡಿನ ಸೊಸೈಟಿಯ ಷೇರು ಸರ್ಟಿಫಿಕೇಟನ್ನು ತೆಗೆದು ಹಿಂಬದಿ ನೋಡಿ. ವರ್ಗಾವಣೆಯ ದಿನ, ಹೊಸ ಸದಸ್ಯರ ಹೆಸರು, ಸೆಕ್ರೆಟರಿಯ ಸಹಿ ಹಾಕುವ ಪಟ್ಟಿ ಅಲ್ಲಿರುತ್ತದೆ. ಪ್ರೊಬೇಟ್ ನೋಡಿ ಸೊಸೈಟಿಯವರು ಚಿಕ್ಕಪ್ಪನ ಹೆಸರು ಬರೆದಿದ್ದರೆ, ಹೆಸರಿನ ಮುಂದೆ ‘ಇಂಥವರ ಎಸ್ಟೇಟಿನ ಎಕ್ಸಿಕ್ಯೂಟರ್’ ಎಂಬ ಮಾತು ಇದೆಯೇ? ಇಲ್ಲದೆ ಬರೀ ಹೆಸರಿದ್ದರೆ, ನಾಳೆ ಅವರ ಮಗ ವಾರಸುದಾರನಾಗಿ ಅದೇ ಸೊಸೈಟಿಗೆ ಅರ್ಜಿ ಕೊಡುತ್ತಾನೆ. ಇಂದೇ ಪ್ರೊಬೇಟಿನ ಪ್ರತಿ ಲಗತ್ತಿಸಿ, ಆ ನಮೂದು ಎಕ್ಸಿಕ್ಯೂಟರ್ ನೆಲೆಯದು, ಹೊಸ ಆಡಳಿತ ಪತ್ರ ಬರುವವರೆಗೆ ಯಾವ ವರ್ಗಾವಣೆಯೂ ಬೇಡ ಎಂದು ಲಿಖಿತವಾಗಿ ತಿಳಿಸಿ, ಒಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಡಿಪಾಜಿಟ್ಟಿಗೂ ಇದೇ ಮಾತು. ಎಕ್ಸಿಕ್ಯೂಟರ್ ನೆಲೆಯಲ್ಲಿ ತೆರೆದ ಖಾತೆಗೆ ನಾಮಿನಿ ಹಾಕಲು ಬರುವುದಿಲ್ಲ. ಆದರೂ ಚಿಕ್ಕಪ್ಪ ಅದನ್ನು ಸ್ವಂತ ಹೆಸರಿನಲ್ಲಿ ತೆರೆದು ನಾಮಿನಿ ಬರೆದಿದ್ದರೆ, ಬ್ಯಾಂಕು ಹಣ ಕೊಟ್ಟುಬಿಡುವ ಮೊದಲು ನಿಮ್ಮ ಪತ್ರ ಶಾಖೆಗೆ ಮುಟ್ಟಿರಬೇಕು.

ಅರ್ಜಿ ಹೋಗಬೇಕಾದದ್ದು ಪ್ರೊಬೇಟ್ ಕೊಟ್ಟ ಅದೇ ಹೈಕೋರ್ಟಿನ ಟೆಸ್ಟಮೆಂಟರಿ (ಉಯಿಲಿನ) ವಿಭಾಗಕ್ಕೆ. ಮೂಲ ಉಯಿಲು ಅಲ್ಲೇ ಜಮಾ ಆಗಿದೆ, ಅದನ್ನು ಹಿಂದಕ್ಕೆ ಕೊಡುವುದಿಲ್ಲ. ಹಾಗಾಗಿ ಮೊದಲು ಪ್ರೊಬೇಟಿನದು ಮತ್ತು ಉಯಿಲಿನದು ದೃಢೀಕೃತ ನಕಲು ತೆಗೆಸಿ. ಉಯಿಲು ಕನ್ನಡದಲ್ಲಿದ್ದರೆ 277ನೆಯ ಕಲಮಿನಂತೆ ಮೊದಲ ಸಲವೇ ಅದರ ಇಂಗ್ಲಿಷ್ ಅನುವಾದವನ್ನು ಲಗತ್ತಿಸಿರುತ್ತಾರೆ. ಆ ಅನುವಾದದ ನಕಲನ್ನೂ ಕೇಳಿ ಪಡೆಯಿರಿ. ಹೊಸದಾಗಿ ಅನುವಾದ ಮಾಡಿಸಲು ಹೋದರೆ ಎರಡು ಅನುವಾದಗಳ ನಡುವೆ ಒಂದು ಪದ ಬೇರೆಯಾದರೂ ಆಕ್ಷೇಪಣೆ ಬೀಳುತ್ತದೆ. ಜೊತೆಗೆ ತಂದೆಯ ಮತ್ತು ಚಿಕ್ಕಪ್ಪನ ಮರಣ ಪ್ರಮಾಣಪತ್ರ ಬೇಕು. ಪ್ರೊಬೇಟಿನ ಮೊದಲ ಪಟ್ಟಿ, ಅದರಲ್ಲಿ ಏನೇನು ಮುಗಿಯಿತು, ಉಳಿದ ಆಸ್ತಿಗೆ ಈಗ ಎಷ್ಟು ಬೆಲೆ ಎಂಬ ವಿವರ, ತಂದೆಯ ಎಲ್ಲ ವಾರಸುದಾರರ ಹೆಸರು, ವಯಸ್ಸು, ವಿಳಾಸ ಅರ್ಜಿಯಲ್ಲೇ ಇರಬೇಕು. ಒಪ್ಪುವವರೆಲ್ಲರಿಂದ ಒಪ್ಪಿಗೆಯ ಅಫಿಡವಿಟ್ ಮೊದಲೇ ಮಾಡಿಸಿದರೆ ಅವರಿಗೆ ಸೈಟೇಶನ್, ಅಂದರೆ ಕೋರ್ಟಿನ ಕರೆ, ಕಳಿಸುವ ತಿಂಗಳುಗಳು ಉಳಿಯುತ್ತವೆ. ಸಾಕ್ಷಿಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಉಯಿಲು ಈಗಾಗಲೇ ಸಾಬೀತಾಗಿದೆ.

ಮುಂಬಯಿ ಕನ್ನಡಿಗರ ಅರ್ಜಿಗಳು ಹೆಚ್ಚಾಗಿ ಮುಗ್ಗರಿಸುವುದು ಹೆಸರಿನಲ್ಲಿ. ಉಯಿಲಿನಲ್ಲಿ ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಆಮೇಲೆ ಹೆಸರು. ಸೊಸೈಟಿಯ ದಾಖಲೆಯಲ್ಲಿ ಮಹಾರಾಷ್ಟ್ರದ ಪದ್ಧತಿಯಂತೆ ಹೆಸರು, ತಂದೆಯ ಹೆಸರು, ಕುಲನಾಮ. ಷೇರು ಸರ್ಟಿಫಿಕೇಟಿನಲ್ಲಿ ಮೂರನೆಯದೇ ಒಂದು ರೂಪ. ಪ್ರೊಬೇಟಿನಲ್ಲಿ ಇದ್ದಂತೆಯೇ ಹೆಸರು ಬರೆದು, ಉಳಿದ ಎಲ್ಲ ರೂಪಗಳನ್ನು ‘ಅಲಿಯಾಸ್’ ಎಂದು ಅರ್ಜಿಯ ಶೀರ್ಷಿಕೆಯಲ್ಲೇ ಸೇರಿಸಿ. ಆಡಳಿತ ಪತ್ರ ಬಂದ ಮೇಲೆ ತಿದ್ದಿಸುವುದಕ್ಕಿಂತ ಇದು ನೂರು ಪಾಲು ಸುಲಭ.

ಎಕ್ಸಿಕ್ಯೂಟರಿಗೆ ಬೇಡದ, ಆಡಳಿತಗಾರರಿಗೆ ಬೇಕಾದ ಒಂದು ಕಾಗದ ಬಾಂಡ್, ಅಂದರೆ ಆಸ್ತಿಯನ್ನು ಸರಿಯಾಗಿ ನಿರ್ವಹಿಸುತ್ತೇನೆ ಎಂಬ ಮುಚ್ಚಳಿಕೆ. 291ನೆಯ ಕಲಮಿನಂತೆ ಜಾಮೀನುದಾರರ ಸಹಿತ ಬರೆದುಕೊಡಬೇಕು. ಉಳಿದ ಆಸ್ತಿಯೆಲ್ಲ ತಾಯಿಗೇ ಬರುವುದರಿಂದ, ವಾರಸುದಾರರೆಲ್ಲ ಒಪ್ಪಿದ್ದರೆ, ಜಾಮೀನುದಾರರನ್ನು ಬಿಡಬೇಕೆಂದು ಕೋರ್ಟನ್ನು ಕೇಳಿಕೊಳ್ಳುವ ರೂಢಿ ಇದೆ. ಅರ್ಜಿಯಲ್ಲೇ ಅದನ್ನು ಕೇಳಿ. ಇನ್ನು ಶುಲ್ಕ. 2018ರಲ್ಲಿ ಇಡೀ ಎಸ್ಟೇಟಿನ ಮೇಲೆ ಪೂರ್ತಿ ಕೋರ್ಟ್ ಫೀ ಕಟ್ಟಿದ್ದರೆ ಅದೇ ಎಸ್ಟೇಟಿನ ಎರಡನೆಯ ಗ್ರಾಂಟಿಗೆ ಮತ್ತೊಮ್ಮೆ ಕಟ್ಟಬೇಕಿಲ್ಲ. ಹಳೆಯ ಫೀ ರಸೀದಿಯನ್ನು ಲಗತ್ತಿಸಿ ಈ ರಿಯಾಯಿತಿಯನ್ನು ಬಾಯಿಬಿಟ್ಟು ಕೇಳಬೇಕು, ತಾನಾಗಿ ಯಾರೂ ಕೊಡುವುದಿಲ್ಲ. ಅಂದು ಪಟ್ಟಿಯಲ್ಲಿ ಬಿಟ್ಟುಹೋದ ಆಸ್ತಿ ಈಗ ಸಿಕ್ಕಿದ್ದರೆ ಆ ಭಾಗಕ್ಕೆ ಫೀ ಕಟ್ಟಬೇಕಾದೀತು.

ಆಡಳಿತ ಪತ್ರ ಕೈಗೆ ಬಂದ ಮೇಲೆ 317ನೆಯ ಕಲಮಿನಂತೆ 6 ತಿಂಗಳೊಳಗೆ ಆಸ್ತಿಯ ಪಟ್ಟಿ, 1 ವರ್ಷದೊಳಗೆ ಲೆಕ್ಕ ಕೋರ್ಟಿಗೆ ಒಪ್ಪಿಸಬೇಕು. ಸರಿಯಾದ ಕಾರಣವಿಲ್ಲದೆ ಬೇಕೆಂದೇ ಒಪ್ಪಿಸದವರ ಗ್ರಾಂಟನ್ನು ರದ್ದು ಮಾಡಲು 263ನೆಯ ಕಲಮು ಅವಕಾಶ ಕೊಡುತ್ತದೆ. ಷೇರುಗಳ ವಿಷಯದಲ್ಲಿ ಒಂದು ಎಚ್ಚರ: 2016ರಿಂದ ಡಿವಿಡೆಂಡ್ ಯಾರೂ ಪಡೆಯದೆ 7 ವರ್ಷ ಸತತವಾಗಿ ಉಳಿದಿದ್ದರೆ, ಕಂಪನಿ ಕಾಯಿದೆಯಂತೆ ಡಿವಿಡೆಂಡ್ ಮಾತ್ರವಲ್ಲ, ಷೇರುಗಳೇ ಸರಕಾರದ ಹೂಡಿಕೆದಾರರ ನಿಧಿಗೆ (ಐಇಪಿಎಫ್) ಹೋಗಿರುತ್ತವೆ. ಕಳೆದುಹೋಗಿಲ್ಲ, ಐಇಪಿಎಫ್-5 ನಮೂನೆಯಲ್ಲಿ ಹಿಂದಕ್ಕೆ ಕೇಳಬಹುದು. ಆದರೆ ಮೊದಲು ಕಂಪನಿಯ ಷೇರು ದಾಖಲೆ ಇಡುವ ರಿಜಿಸ್ಟ್ರಾರರ ಬಳಿ ವಿಚಾರಿಸಿ. ಎಲ್ಲಿದೆ ಎಂಬುದರ ಮೇಲೆ ಕಾಗದಪತ್ರ ಬೇರೆಯಾಗುತ್ತದೆ. ನಿಧಿಗೆ ಹೋಗದ ಕಾಗದದ ಷೇರುಗಳನ್ನು ಐಎಸ್‌ಆರ್-5 ನಮೂನೆಯಲ್ಲಿ ತಾಯಿಯ ಹೆಸರಿಗೆ ಕೇಳಬೇಕು. ಕೊನೆಗೆ ಸಿಗುವುದು ಡಿಮ್ಯಾಟ್ ರೂಪದಲ್ಲಿ ಮಾತ್ರ. ತಾಯಿಗೆ ಡಿಮ್ಯಾಟ್ ಖಾತೆ ಇಲ್ಲದಿದ್ದರೆ ಇಂದೇ ತೆರೆಸಿ.

ಪ್ರಶ್ನೆ: ಅಮ್ಮನ ಉಯಿಲಿಗೆ ಮಾಮ ಮತ್ತು ಅವರ ಸ್ನೇಹಿತರು, ಇಬ್ಬರು ಎಕ್ಸಿಕ್ಯೂಟರ್‌ಗಳು. ಇಬ್ಬರ ಹೆಸರಿನಲ್ಲೂ ಪ್ರೊಬೇಟ್ ಬಂದಿದೆ. ಸ್ನೇಹಿತರು ತೀರಿಕೊಂಡರು. ಹೊಸ ಕೋರ್ಟ್ ಆದೇಶ ತನ್ನಿ ಎಂದು ಬ್ಯಾಂಕು ಮಾಮನಿಗೆ ಹೇಳುತ್ತಿದೆ. (ಘಾಟ್‌ಕೋಪರ್)

ಉತ್ತರ: ಬೇಕಿಲ್ಲ. ಹಲವರಿಗೆ ಪ್ರೊಬೇಟ್ ಕೊಟ್ಟು ಒಬ್ಬರು ತೀರಿಕೊಂಡರೆ ಪೂರ್ತಿ ಪ್ರತಿನಿಧಿತ್ವ ಉಳಿದವರಿಗೆ ಸೇರುತ್ತದೆ ಎಂದು 226ನೆಯ ಕಲಮು ನೇರವಾಗಿಯೇ ಹೇಳುತ್ತದೆ. ಅಧಿಕಾರಗಳೂ ಹಾಗೆಯೇ ಎಂದು 312 ಸೇರಿಸುತ್ತದೆ. ಮಾಮ ಈಗ ಒಬ್ಬರೇ ಸಾಕು. ಇದಕ್ಕೆ ಅಡ್ಡಿ ಒಂದೇ: ಉಯಿಲಿನಲ್ಲಿ ಬೇರೆ ನಿರ್ದೇಶನವಿದ್ದರೆ, ಉದಾಹರಣೆಗೆ ಒಬ್ಬರು ಹೋದರೆ ಇಂಥವರು ಆ ಜಾಗಕ್ಕೆ ಬರಬೇಕು ಎಂದಿದ್ದರೆ. ಉಯಿಲಿನ ಆ ಪ್ಯಾರಾವನ್ನು ಒಮ್ಮೆ ನಿಧಾನವಾಗಿ ಓದಿ. ಇಲ್ಲವೆಂದಾದರೆ ಪ್ರೊಬೇಟಿನ ದೃಢೀಕೃತ ನಕಲು, ಸ್ನೇಹಿತರ ಮರಣ ಪ್ರಮಾಣಪತ್ರ, ಎರಡು ಕಲಮುಗಳನ್ನು ಬರೆದ ಒಂದು ಪುಟದ ಪತ್ರ ಶಾಖೆಗೆ ಕೊಟ್ಟು, ಕಾನೂನು ವಿಭಾಗದ ಅಭಿಪ್ರಾಯ ಪಡೆಯಿರಿ ಎಂದು ಲಿಖಿತವಾಗಿ ಕೇಳಿ. ಕೌಂಟರಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ.

ಮಾಮ ಇರುವಾಗಲೇ ಕೆಲಸ ಮುಗಿಸಿ. ಅವರೂ ಹೋದರೆ ನೀವು ಮೇಲಿನ ಮಾಟುಂಗಾದ ಓದುಗರ ಜಾಗದಲ್ಲಿ ನಿಲ್ಲುತ್ತೀರಿ.

ಪ್ರಶ್ನೆ: ಹೈಕೋರ್ಟಿನಲ್ಲಿ ಪ್ರೊಬೇಟ್ ಅರ್ಜಿ ನಡೆಯುತ್ತಿರುವಾಗಲೇ ಅರ್ಜಿದಾರರಾದ ಎಕ್ಸಿಕ್ಯೂಟರ್ ತೀರಿಕೊಂಡರು. ದೂರದ ಸಂಬಂಧಿಯೊಬ್ಬರು ಕೇವಿಯಟ್, ಅಂದರೆ ಆಕ್ಷೇಪಣೆಯ ಅರ್ಜಿ, ಹಾಕಿದ್ದಾರೆ. ಎಕ್ಸಿಕ್ಯೂಟರರ ಹೆಂಡತಿಯನ್ನು ಅವರ ಜಾಗಕ್ಕೆ ತರೋಣ ಎಂದು ಒಬ್ಬರ ಸಲಹೆ. ಇದನ್ನು ಬಿಟ್ಟು ಹೊಸ ಅರ್ಜಿ ಹಾಕೋಣ ಎಂದು ಇನ್ನೊಬ್ಬರದು. ಉಯಿಲಿನಂತೆ ಮನೆ ನನಗೆ ಬರಬೇಕು. (ಅಂಧೇರಿ)

ಉತ್ತರ: ಎರಡೂ ಬೇಡ. ಸಾಮಾನ್ಯ ದಾವೆಯಲ್ಲಿ ವಾದಿ ಸತ್ತರೆ ಅವನ ವಾರಸುದಾರರು ಬರುತ್ತಾರೆ, ಏಕೆಂದರೆ ಅಲ್ಲಿ ಹಕ್ಕು ಅವನ ಸ್ವಂತದ್ದು. ಎಕ್ಸಿಕ್ಯೂಟರ್ ಕೇಳುತ್ತಿದ್ದದ್ದು ತನಗಾಗಿ ಅಲ್ಲ. ಅವರ ಹೆಂಡತಿಗೆ ಈ ಉಯಿಲಿನಲ್ಲಿ ಏನೂ ಇಲ್ಲ. ಹಕ್ಕು ಇರುವುದು ಉಯಿಲಿನಿಂದ ಪಡೆಯುವವರಿಗೆ, ಅಂದರೆ ನಿಮಗೆ. ನೀವು ಅರ್ಜಿದಾರರಾಗಿ ಬಂದು, ಪ್ರೊಬೇಟ್ ಕೊಡಿ ಎಂಬ ಬೇಡಿಕೆಯನ್ನು ಉಯಿಲು ಲಗತ್ತಿಸಿದ ಆಡಳಿತ ಪತ್ರ ಕೊಡಿ ಎಂದು ತಿದ್ದಲು ಅನುಮತಿ ಕೇಳಬೇಕು. ನ್ಯಾಯಾಲಯಗಳು ಇದನ್ನು ಒಪ್ಪಿಕೊಂಡು ಬಂದಿವೆ.

ಹೊಸ ಅರ್ಜಿ ಬೇಡವೆನ್ನುವುದಕ್ಕೆ ಗಟ್ಟಿ ಕಾರಣವಿದೆ. ಹಳೆಯ ಅರ್ಜಿಯೊಂದಿಗೆ ಉಯಿಲಿನ ಸಾಕ್ಷಿಯ ಅಫಿಡವಿಟ್ ಇದೆ. ಆ ಸಾಕ್ಷಿಗೆ ಈಗ ವಯಸ್ಸೆಷ್ಟೋ, ಮತ್ತೊಮ್ಮೆ ಸಿಗುತ್ತಾರೋ ಇಲ್ಲವೋ. ಕಟ್ಟಿದ ಫೀ ಅಲ್ಲಿದೆ. ಮತ್ತೆ ಪ್ರೊಬೇಟಿಗೂ ಆಡಳಿತ ಪತ್ರಕ್ಕೂ ಕಾಲಮಿತಿ ಕಾಯಿದೆಯ 137ನೆಯ ಅನುಚ್ಛೇದದ 3 ವರ್ಷ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು 2008ರಲ್ಲೇ ಹೇಳಿದೆ. ಆ 3 ವರ್ಷ ಸಾವಿನ ದಿನದಿಂದಲೇ ಓಡುವುದಿಲ್ಲ, ಅರ್ಜಿ ಹಾಕುವ ಅಗತ್ಯ ಹುಟ್ಟಿದಾಗಿನಿಂದ ಎಂಬ ವಿವರಣೆ ಇದ್ದರೂ, ಎದುರಿಗೆ ಕೇವಿಯಟ್ ಹಾಕಿದವರು ಇರುವಾಗ ಅವರ ಕೈಗೆ ಹೊಸ ಆಯುಧ ಯಾಕೆ ಕೊಡಬೇಕು?

ತಿದ್ದುಪಡಿಯಾದ ಮೇಲೆ ಎಕ್ಸಿಕ್ಯೂಟರರ ಪ್ರಮಾಣದ ಜಾಗದಲ್ಲಿ ಆಡಳಿತಗಾರರ ಪ್ರಮಾಣ, ಜೊತೆಗೆ ಬಾಂಡ್ ಬರುತ್ತದೆ. ಉಯಿಲಿನಲ್ಲಿ ಉಳಿಕೆ ಆಸ್ತಿ ಬೇರೊಬ್ಬರಿಗೆ ಇದ್ದರೆ ಮೊದಲ ಹಕ್ಕು ಅವರದು. ಅವರ ಒಪ್ಪಿಗೆ ಅಫಿಡವಿಟ್ ತಂದು ನೀವು ಮುಂದುವರಿಯಬಹುದು. ಕೇವಿಯಟ್ ಹಾಕಿದವರ ಬಗ್ಗೆ ಒಂದು ಮಾತು: ಉಯಿಲು ಇಲ್ಲದಿದ್ದರೆ ಈ ಆಸ್ತಿಯಲ್ಲಿ ಅವರಿಗೆ ಏನಾದರೂ ಪಾಲು ಬರುತ್ತಿತ್ತೇ? ಬರುತ್ತಿರಲಿಲ್ಲ ಎಂದಾದರೆ ಅವರಿಗೆ ವಿರೋಧಿಸುವ ಹಿತಾಸಕ್ತಿಯೇ ಇಲ್ಲವೆಂದು ಕೇವಿಯಟನ್ನು ತೆಗೆದುಹಾಕಿಸಲು ಕೇಳಿ. ಕೇವಿಯಟ್ ಉಳಿದರೆ ಅರ್ಜಿ ಟೆಸ್ಟಮೆಂಟರಿ ದಾವೆಯಾಗುತ್ತದೆ, ಸಾಕ್ಷಿ ವಿಚಾರಣೆ ಎಂದರೆ ವರ್ಷಗಳ ಮಾತು.

ಪ್ರಶ್ನೆ: ಅಜ್ಜ ಪುಣೆಯಲ್ಲಿದ್ದರು. ಕೋಥ್ರೂಡಿನ ಫ್ಲ್ಯಾಟು ಇಬ್ಬರು ಮೊಮ್ಮಕ್ಕಳಿಗೆ, ಹುಬ್ಬಳ್ಳಿಯ ನಿವೇಶನ ಅತ್ತೆಗೆ ಎಂದು ಉಯಿಲು ಬರೆದರು. ಉಳಿಕೆ ಆಸ್ತಿಯ ಮಾತೇ ಇಲ್ಲ. ಎಕ್ಸಿಕ್ಯೂಟರ್ ಆಗಿದ್ದ ನೆರೆಯವರು ಯಾವ ಕೋರ್ಟಿಗೂ ಹೋಗದೆ ತೀರಿಕೊಂಡರು. ಕಾನೂನು ಬದಲಾಗಿ ಪ್ರೊಬೇಟೇ ಬೇಡವಾಗಿದೆ ಎನ್ನುತ್ತಾರೆ. ನಿಜವೇ? (ಪುಣೆ)

ಉತ್ತರ: ಮಾತು ನಿಜ, ಆದರೆ ನಿಮಗೆ ಅದರಿಂದ ಹೆಚ್ಚು ವ್ಯತ್ಯಾಸವಿಲ್ಲ. ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯವೆಂದು ಹೇಳುತ್ತಿದ್ದದ್ದು 213ನೆಯ ಕಲಮು. ಅದೂ ಎಲ್ಲೆಡೆ ಅಲ್ಲ. ಮುಂಬಯಿ, ಚೆನ್ನೈ ಹೈಕೋರ್ಟುಗಳ ಮೂಲ ವ್ಯಾಪ್ತಿ (ಆ ಹೈಕೋರ್ಟುಗಳೇ ದಾವೆಯನ್ನು ಮೊದಲಿಗೆ ಕೇಳುವ ನಗರದ ಎಲ್ಲೆ) ಮತ್ತು ಹಳೆಯ ಬಂಗಾಳ ಪ್ರಾಂತ್ಯ, ಇವುಗಳಲ್ಲಿ ಬರೆದ ಉಯಿಲು ಅಥವಾ ಅಲ್ಲಿರುವ ಸ್ಥಿರಾಸ್ತಿಗೆ ಮಾತ್ರ. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಲಮನ್ನೇ ತೆಗೆದುಹಾಕಿತು. ಪುಣೆಯಲ್ಲಿ ಬರೆದ, ಪುಣೆ ಮತ್ತು ಹುಬ್ಬಳ್ಳಿಯ ಆಸ್ತಿಯ ಉಯಿಲಿಗೆ ಅದು ಮೊದಲೂ ಕಡ್ಡಾಯವಿರಲಿಲ್ಲ. (ಡೊಂಬಿವಿಲಿ, ಠಾಣೆಯ ಓದುಗರೂ ಗಮನಿಸಿ: ನಿಮ್ಮ ಊರು ಮುಂಬಯಿಯ ಆ ವ್ಯಾಪ್ತಿಗೆ ಸೇರಿರಲಿಲ್ಲ. ಮುಲುಂಡು ಸೇರಿತ್ತು.)

ಕಡ್ಡಾಯವಲ್ಲ ಎಂದರೆ ಬೇಡವೇ ಬೇಡ ಎಂದಲ್ಲ. ಎಲ್ಲ ವಾರಸುದಾರರೂ ಒಂದೇ ಮನಸ್ಸಿನಲ್ಲಿದ್ದರೆ, ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯಿದೆಗೆ 2019ರಲ್ಲಿ ಸೇರಿದ 154ಬಿ-13ನೆಯ ಕಲಮು ಉಯಿಲಿನ ಆಧಾರದ ಮೇಲೂ, ವಾರಸುದಾರರು ಬರೆದುಕೊಂಡ ಕುಟುಂಬ ವ್ಯವಸ್ಥಾ ಪತ್ರದ ಮೇಲೂ ಷೇರು ವರ್ಗಾಯಿಸಲು ಸೊಸೈಟಿಗೆ ದಾರಿ ಕೊಟ್ಟಿದೆ. ಅಜ್ಜನ ಎಲ್ಲ ಮಕ್ಕಳಿಂದ ಆಕ್ಷೇಪಣೆ ಇಲ್ಲವೆಂಬ ಅಫಿಡವಿಟ್ ತಂದರೆ ಕೋಥ್ರೂಡಿನ ಕೆಲಸ ಕೋರ್ಟಿಲ್ಲದೆ ಆಗಬಹುದು. ನಾಮಿನಿಯ ಹೆಸರು ಬೇರೆ ಇದ್ದರೆ ಹೆದರಬೇಡಿ. ನಾಮಿನಿ ವಾರಸುದಾರರು ಬರುವವರೆಗೆ ಆಸ್ತಿ ಹಿಡಿದುಕೊಂಡಿರುವವನು, ಒಡೆಯನಲ್ಲ.

ಒಬ್ಬರು ತಕರಾರು ತೆಗೆದರೂ ಆಡಳಿತ ಪತ್ರವೇ ಗತಿ. ಎಕ್ಸಿಕ್ಯೂಟರ್ ಇಲ್ಲ, ಉಳಿಕೆಯ ಹಕ್ಕುದಾರರಿಲ್ಲ; ಆಗ 234ನೆಯ ಕಲಮಿನಂತೆ ಉಯಿಲೇ ಇಲ್ಲದಿದ್ದರೆ ಯಾರು ಆಡಳಿತಕ್ಕೆ ಅರ್ಹರೋ ಅವರು, ಅಥವಾ ಉಯಿಲಿನಿಂದ ಪಡೆಯುವ ಯಾರಾದರೂ, ಕೊನೆಗೆ ಸಾಲ ಕೊಟ್ಟವರೂ ಕೇಳಬಹುದು. ಮೊಮ್ಮಕ್ಕಳು ಕೇಳುವುದಾದರೆ 235ರಂತೆ ಮೊದಲು ಹತ್ತಿರದ ಸಂಬಂಧಿಗಳಿಗೆ ಸೈಟೇಶನ್ ಹೋಗಬೇಕು. ಇಲ್ಲಿ ಸಾಕ್ಷಿಗಳು ಬೇಕೇ ಬೇಕು, ಏಕೆಂದರೆ ಉಯಿಲು ಇನ್ನೂ ಎಲ್ಲೂ ಸಾಬೀತಾಗಿಲ್ಲ. ಇಬ್ಬರು ಸಾಕ್ಷಿಗಳಲ್ಲಿ ಒಬ್ಬರಾದರೂ ಬದುಕಿದ್ದರೆ ಅವರ ಅಫಿಡವಿಟ್ ಅನ್ನು ಮೊದಲು ಮಾಡಿಸಿ, ಉಳಿದ ಕಾಗದ ಆಮೇಲೆ.

ಯಾವ ಕೋರ್ಟು ಎಂಬಲ್ಲಿ ಹುಬ್ಬಳ್ಳಿಯ ನಿವೇಶನ ನಿರ್ಣಾಯಕ. ಪುಣೆಯ ಜಿಲ್ಲಾ ನ್ಯಾಯಾಲಯ ಕೊಟ್ಟ ಗ್ರಾಂಟ್ ಬೇರೆ ರಾಜ್ಯಕ್ಕೂ ಅನ್ವಯಿಸಬೇಕಾದರೆ ಆ ರಾಜ್ಯದ ಆಸ್ತಿಯ ಬೆಲೆ 10,000 ರೂಪಾಯಿ ಮೀರಬಾರದು ಎಂದಿದೆ 273ನೆಯ ಕಲಮು. 1925ರ ಕಾಯಿದೆಯ ಆ ಮೊತ್ತಕ್ಕೆ ಇಂದು ಹುಬ್ಬಳ್ಳಿಯಲ್ಲಿ ಒಂದು ಗೇಣು ಜಾಗವೂ ಬಾರದು. ಹೈಕೋರ್ಟಿನ ಗ್ರಾಂಟಿಗೆ ಈ ಮಿತಿಯಿಲ್ಲ, 300ನೆಯ ಕಲಮಿನಂತೆ ಹೈಕೋರ್ಟಿಗೂ ಜಿಲ್ಲಾ ನ್ಯಾಯಾಲಯದಷ್ಟೇ ಅಧಿಕಾರವಿದೆ. ಹಾಗಾಗಿ ಬಾಂಬೆ ಹೈಕೋರ್ಟಿನಲ್ಲಿ ಅರ್ಜಿ ಹಾಕಿ, ಭಾರತದಾದ್ಯಂತ ಜಾರಿಯಾಗುವಂತೆ ಎಂಬ ಮಾತನ್ನು ಬೇಡಿಕೆಯಲ್ಲೇ ಬರೆಯಿಸಿ. ಪುಣೆಯಲ್ಲೇ ಸುಲಭ ಎಂದು ಅಲ್ಲಿ ಹಾಕಿದವರು ಹುಬ್ಬಳ್ಳಿಯಲ್ಲಿ ಖಾತೆ ಬದಲಿಸಲು ಹೋದಾಗ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಕಡ್ಡಾಯವಲ್ಲದ ಪ್ರೊಬೇಟಿನ ಬದಲು ಕೆಲವರು ವಾರಸಾ ಪ್ರಮಾಣಪತ್ರ ಸಾಕೆನ್ನುತ್ತಾರೆ. ಮಹಾರಾಷ್ಟ್ರದಲ್ಲಿ 1827ರ ಬಾಂಬೆ ನಿಯಮಾವಳಿಯಡಿ ಅದು ಸಿಗುತ್ತದೆ. ಆದರೆ ಅದು ವಾರಸುದಾರರು ಯಾರೆಂದು ಹೇಳುತ್ತದೆ, ಉಯಿಲನ್ನು ಸಾಬೀತು ಮಾಡುವುದಿಲ್ಲ. ಮೊಮ್ಮಕ್ಕಳ ಹಕ್ಕು ಬಂದಿರುವುದು ಉಯಿಲಿನಿಂದ.

ಪ್ರಶ್ನೆ: ಪ್ರೊಬೇಟ್ ಪಡೆದ ಎಕ್ಸಿಕ್ಯೂಟರ್ ಎಸ್ಟೇಟಿನ ಫ್ಲ್ಯಾಟ್ ಮಾರಲು ಕರಾರು ಮಾಡಿಕೊಂಡು 10 ಲಕ್ಷ ಮುಂಗಡ ಪಡೆದಿದ್ದರು. ನೋಂದಣಿಗೆ ಮೊದಲೇ ತೀರಿಕೊಂಡರು. ಹಣ ಅವರ ಸ್ವಂತ ಖಾತೆಯಲ್ಲಿದೆಯಂತೆ. ಕೊಳ್ಳುವವರು ಒತ್ತಾಯಿಸುತ್ತಿದ್ದಾರೆ. ನಾನು ಆಡಳಿತ ಪತ್ರಕ್ಕೆ ಅರ್ಜಿ ಹಾಕಲಿದ್ದೇನೆ. (ಬೊರಿವಲಿ)

ಉತ್ತರ: ಎಕ್ಸಿಕ್ಯೂಟರರ ಹೆಂಡತಿ ಮಕ್ಕಳು ಸಹಿ ಹಾಕಿ ಮಾರಾಟ ಮುಗಿಸುತ್ತೇವೆ ಎಂದರೆ ಒಪ್ಪಬೇಡಿ, ಕೊಳ್ಳುವವರಿಗೂ ಇದನ್ನು ಬಿಡಿಸಿ ಹೇಳಿ. ಅವರಿಗೆ ಆ ಫ್ಲ್ಯಾಟಿನ ಮೇಲೆ ಯಾವ ಅಧಿಕಾರವೂ ಇಲ್ಲ, ಆ ಪತ್ರದಿಂದ ಹಕ್ಕು ಬದಲಾಗುವುದಿಲ್ಲ.

ನಿಮಗೆ ಆಡಳಿತ ಪತ್ರ ಬಂದ ಮೇಲೂ ನೇರವಾಗಿ ಮಾರಬೇಡಿ. ಎಕ್ಸಿಕ್ಯೂಟರ್ ಉಯಿಲಿನ ನಿರ್ಬಂಧಕ್ಕೆ ಒಳಪಟ್ಟು ಮಾರಬಹುದಿತ್ತು. ಆಡಳಿತಗಾರರು ಹಿಂದೂವಿನ ಎಸ್ಟೇಟಿನ ಸ್ಥಿರಾಸ್ತಿಯನ್ನು ಮಾರಲು, ಅಡವಿಡಲು, ದಾನ ಕೊಡಲು, 5 ವರ್ಷ ಮೀರಿದ ಬಾಡಿಗೆಗೆ ಕೊಡಲು ಕೋರ್ಟಿನ ಮುಂಚಿನ ಅನುಮತಿ ಬೇಕು, ಇದು 307ನೆಯ ಕಲಮು. ಉಳಿದ ಆಸ್ತಿಯ ಆಡಳಿತಗಾರನಿಗೆ ಮೊದಲ ಎಕ್ಸಿಕ್ಯೂಟರನಷ್ಟೇ ಅಧಿಕಾರ ಎಂದು 313ನೆಯ ಕಲಮಿದೆಯಲ್ಲ ಎಂದು ಯಾರಾದರೂ ಹೇಳಬಹುದು. ಆ ವಾದವನ್ನು ನಿಮ್ಮ ಫ್ಲ್ಯಾಟಿನ ಮೇಲೆ ಪರೀಕ್ಷಿಸುವುದು ಬೇಡ. ಅನುಮತಿಯಿಲ್ಲದ ಮಾರಾಟವನ್ನು ಆ ಆಸ್ತಿಯಲ್ಲಿ ಹಿತಾಸಕ್ತಿಯುಳ್ಳ ಯಾರಾದರೂ ಮುಂದೆ ರದ್ದು ಮಾಡಿಸಬಹುದು, ಕೊಳ್ಳುವವರ ಬ್ಯಾಂಕು ಸಾಲ ಕೊಡುವ ಮೊದಲೇ ಇದನ್ನು ಹುಡುಕುತ್ತದೆ. ಅನುಮತಿಯ ಅರ್ಜಿಗೆ ಹಳೆಯ ಕರಾರು, ನೋಂದಾಯಿತ ಮೌಲ್ಯಮಾಪಕರ ವರದಿ, ಪಾಲುದಾರರೆಲ್ಲರ ಒಪ್ಪಿಗೆ, ಹಣ ಹೇಗೆ ಹಂಚುತ್ತೀರಿ ಎಂಬ ಲೆಕ್ಕ ಲಗತ್ತಿಸಿ. ಕರಾರಿನ ಬೆಲೆ ಇಂದಿನ ಬೆಲೆಗಿಂತ ತೀರಾ ಕಡಿಮೆಯಿದ್ದರೆ ಕೋರ್ಟು ಕೇಳಿಯೇ ಕೇಳುತ್ತದೆ, ಉತ್ತರ ಸಿದ್ಧವಿರಲಿ.

ಮುಂಗಡದ 10 ಲಕ್ಷ ಎಸ್ಟೇಟಿನ ಹಣ. ಎಕ್ಸಿಕ್ಯೂಟರರ ಖಾತೆಗೆ ನಾಮಿನಿ ಇದ್ದರೂ ಅದು ನಾಮಿನಿಯದಾಗುವುದಿಲ್ಲ. ಅವರು ಬಿಟ್ಟುಹೋದ ಆಸ್ತಿಯ ಮಿತಿಯಲ್ಲಿ ಅವರ ವಾರಸುದಾರರು ಲೆಕ್ಕ ಒಪ್ಪಿಸಬೇಕು. ಎಕ್ಸಿಕ್ಯೂಟರ್ ಕೋರ್ಟಿಗೆ ಲೆಕ್ಕ ಸಲ್ಲಿಸಿದ್ದರೇ ಎಂದು ಟೆಸ್ಟಮೆಂಟರಿ ವಿಭಾಗದ ಕಡತದಲ್ಲಿ ನೋಡಿ. ಎಸ್ಟೇಟಿನ ಹೆಸರಿನಲ್ಲಿ ಪ್ರತ್ಯೇಕ ಆದಾಯ ತೆರಿಗೆ ವಿವರ ಸಲ್ಲಿಕೆಯಾಗಿದ್ದರೆ ಅದರ ಪ್ರತಿಗಳನ್ನೂ ಅವರ ಮನೆಯವರಿಂದ ಕೇಳಿ, ಬಾಡಿಗೆ ಮತ್ತು ಬಡ್ಡಿಯ ಸುಳಿವು ಅಲ್ಲಿ ಸಿಗುತ್ತದೆ. ಕೊಳ್ಳುವವರು ಮುಂಗಡ ಕೊಟ್ಟ ಚೆಕ್ಕಿನ ಪ್ರತಿಯನ್ನು ಅವರಿಂದಲೇ ಪಡೆದಿಟ್ಟುಕೊಳ್ಳಿ. ಹಣ ಯಾವ ಖಾತೆಗೆ, ಯಾವ ದಿನ ಹೋಯಿತು ಎಂಬುದನ್ನು ತೋರಿಸುವ ಕಾಗದ ಅದೊಂದೇ ಆಗಿರಬಹುದು.